ಹಳದಿ ಕೊರಳಿನ ಗುಬ್ಬಿಯೂ ನಮ್ಮ ಹಿಂಬದಿಯ ಬಯಲೂ

ನಮ್ಮ ಹಳೆಯ ವಿದ್ಯಾರ್ಥಿನಿಯರ ಸಂಘದವರು ಈ ಉತ್ಸವದ ನೆನಪಿಗಾಗಿ ಶಾಲೆಗೆ ಐನೂರು ಸಸಿಗಳನ್ನು ಕೊಡುವುದಾಗಿಯೂ, ವಿದ್ಯಾರ್ಥಿನಿಲಯದ ಹಿಂದಿರುವ ಬಯಲಿನಲ್ಲಿ ಅವುಗಳನ್ನು ನೆಟ್ಟು ಒಂದು ತೋಪನ್ನು ಎಬ್ಬಿಸಬೇಕೆಂಬುದಾಗಿಯೂ ಬಹು ಪ್ರೀತಿಯಿಂದ ಬರೆದಿರುವರು. ಇದೇ ಸಮಯದಲ್ಲಿ ಮಕ್ಕಳ ತಂದೆತಾಯಿಗಳಲ್ಲಿ ಕೆಲವರು, ಅದೇ ಬಯಲಿನ ಅಂಚಿನಲ್ಲಿ ನಿಂತಿರುವ ಒಣಗಿದ ಬೇವಿನ ಮರವನ್ನು ಇನ್ನೂ ಏಕೆ ಕಡಿಸಿಲ್ಲವೆಂದು ಕೇಳಿರುತ್ತಾರೆ. ಎರಡು ಪ್ರಶ್ನೆಗಳಿಗೂ ನಾನು ಕೊಡತಕ್ಕ ಉತ್ತರವು ಒಂದೇ ಆಗಿರುವುದರಿಂದಲೂ, ಆ ಉತ್ತರವು ಒಂದು ಚಿಕ್ಕ ಹಕ್ಕಿಯಿಂದ ಆರಂಭವಾಗತಕ್ಕದ್ದಾಗಿರುವುದರಿಂದಲೂ, ಸಂಪಾದಕಿಯರು ನನಗೆ ಕೊಟ್ಟಿರುವ ಪುಟಗಳನ್ನು ವಾರ್ಷಿಕ ವರದಿಗೆ ವಿನಿಯೋಗಿಸದೆ ಈ ವಿಷಯಕ್ಕೆ ವಿನಿಯೋಗಿಸುತ್ತೇನೆ. ವರದಿಯು ಬೇರೆ ಕಡೆ ಅಚ್ಚಾಗಿದೆ. ಅಂಕಿಗಳಲ್ಲಿ ಪ್ರೀತಿಯುಳ್ಳವರು ಅದನ್ನು ಅಲ್ಲಿ ಓದಿಕೊಳ್ಳಬಹುದು.

ಗುಬ್ಬಿಯೆಂದರೆ ಯಾರಿಗೆ ತಿಳಿಯದು? ಅಕ್ಷರ ಬಾರದ ಮಗುವಿಗೂ ಅದು ತಿಳಿದಿದೆ. ನಮ್ಮ ಅಜ್ಜಿಯರ ಕಥೆಗಳಲ್ಲಿ ಕಾಗಕ್ಕನ ಜೊತೆಗೆ ಗುಬ್ಬಕ್ಕನಿಲ್ಲದಿದ್ದರೆ ಕಥೆಯೇ ಇಲ್ಲ. ಆದರೆ ನಮಗೆ ತಿಳಿದಿರುವುದು ಊರ ಗುಬ್ಬಿ ಮಾತ್ರ. ಮನುಷ್ಯನ ಸೂರನ್ನೂ ಮನುಷ್ಯನ ಮೊರವನ್ನೂ ನಂಬಿಕೊಂಡು ಬಾಳುವ ಗುಬ್ಬಿ. ಇದಕ್ಕೆ ಒಬ್ಬ ದಾಯಾದಿಯುಂಟು. ಆ ದಾಯಾದಿಯು ನಮ್ಮ ಅಂಗಳದಿಂದ ಇನ್ನೂರು ಹೆಜ್ಜೆಗಳ ಆಚೆ, ಜಾಲಿಯ ಮರದ ಮೇಲೆ ಕುಳಿತು ದಿನವೆಲ್ಲಾ ಮಾತನಾಡುತ್ತಿದ್ದರೂ, ಹತ್ತು ವರ್ಷ ಈ ಶಾಲೆಯಲ್ಲಿ ಓದಿ ಹೊರಟುಹೋದ ಹುಡುಗಿಯರಲ್ಲಿ ಹೆಚ್ಚಿನವರು ಅದನ್ನು ಒಂದು ಸಾರಿಯಾದರೂ ಗುರುತಿಸಿರಲಾರರು. ಕನ್ನಡದಲ್ಲಿ ಇದನ್ನು ಹಳದಿ ಕೊರಳಿನ ಗುಬ್ಬಿಯೆಂದೂ ಕಾಡುಗುಬ್ಬಿಯೆಂದೂ ಕರೆಯುವುದುಂಟು. ನೆರೆಯ ತೆಲುಗರು ಅಡವಿ ಪಿಚ್ಚುಕ ಎನ್ನುತ್ತಾರೆ. ಪಂಡಿತರು ಇದಕ್ಕೆ ಇಟ್ಟ ಹೆಸರು ಜಿಮ್ನೋರಿಸ್ ಕ್ಸಾಂಥೊಕಾಲಿಸ್. ಇದರಲ್ಲಿ ಎರಡನೆಯ ಪದಕ್ಕೆ ಹಳದಿ ಕೊರಳು ಎಂದೇ ಅರ್ಥ. ೧೮೩೮ರಲ್ಲಿ ಬರ್ಟನ್ ಎಂಬಾತನು ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದನು.

ಈಗ ಇದನ್ನು ಗುರುತಿಸುವ ಬಗೆಯನ್ನು ಹೇಳುವೆನು. ಗಾತ್ರದಲ್ಲಿ ಊರ ಗುಬ್ಬಿಗಿಂತ ಹೆಚ್ಚು ಕಡಮೆಯಿಲ್ಲ. ಐದರಿಂದ ಐದೂವರೆ ಅಂಗುಲದಷ್ಟು ಉದ್ದ, ಆದರೆ ಮೈಕಟ್ಟು ಸ್ವಲ್ಪ ತೆಳ್ಳಗೆ, ಕೊಕ್ಕು ಸ್ವಲ್ಪ ನೀಳ. ಮೇಲ್ಭಾಗವೆಲ್ಲಾ ಬೂದು ಮಿಶ್ರವಾದ ಕಂದು, ಹೊಟ್ಟೆಯ ಕಡೆ ಅದೇ ಬಣ್ಣವು ತಿಳಿಯಾಗಿ ಬಿಳುಪಿಗೆ ತಿರುಗುತ್ತದೆ. ಗಂಡಿನ ಭುಜದ ಮೇಲೆ ಹುಣಿಸೆಯ ಬೀಜವನ್ನು ಉಜ್ಜಿದರೆ ಬರುವಂಥ ಕೆಂಗಂದು ಬಣ್ಣದ ಮಚ್ಚೆಯೊಂದಿದ್ದು, ಅದರ ಕೆಳಗೆ ರೆಕ್ಕೆಗೆ ಅಡ್ಡಲಾಗಿ ಎರಡು ಬಿಳಿಯ ಪಟ್ಟೆಗಳು ಕಾಣುತ್ತವೆ. ಹೆಸರಿಗೆ ಕಾರಣವಾದ ಹಳದಿಯ ಮಚ್ಚೆಯು ಕೊರಳಿನ ಕೆಳಭಾಗದಲ್ಲಿದೆ. ಆದರೆ ಅದನ್ನೇ ಹುಡುಕಿಕೊಂಡು ಹೋಗುವವರಿಗೆ ನಿರಾಶೆಯಾಗುವ ಸಂಭವವೇ ಹೆಚ್ಚು, ಏಕೆಂದರೆ ಹಕ್ಕಿಯು ಕತ್ತನ್ನು ಎತ್ತಿ ಬೆಳಕಿಗೆ ಎದುರಾಗಿ ಕುಳಿತಾಗಲ್ಲದೆ ಅದು ಚೆನ್ನಾಗಿ ಕಾಣದು. ಹೆಣ್ಣಿನಲ್ಲಂತೂ ಆ ಹಳದಿಯು ಇದ್ದೂ ಇಲ್ಲದಂತಿರುತ್ತದೆ, ಭುಜದ ಮಚ್ಚೆಯೂ ಮಾಸಲು. ಗೂಡು ಕಟ್ಟುವ ಕಾಲದಲ್ಲಿ ಗಂಡಿನ ಕೊಕ್ಕು ಕಪ್ಪಾಗುತ್ತದೆ.

ಹಾಗಾದರೆ ಊರ ಗುಬ್ಬಿಯ ಹೆಣ್ಣಿಗೂ ಇದರ ಹೆಣ್ಣಿಗೂ ಇರುವ ವ್ಯತ್ಯಾಸವನ್ನು ತಿಳಿಯುವುದು ಹೇಗೆ? ಇದು ನಾನು ನಿಸರ್ಗಪಾಠದಲ್ಲಿ ಹುಡುಗಿಯರಿಗೆ ಪ್ರತಿ ವರ್ಷವೂ ಹಾಕುವ ಪ್ರಶ್ನೆ. ಉತ್ತರವು ಬೆನ್ನಿನ ಮೇಲಿದೆ. ಊರ ಗುಬ್ಬಿಯ ಬೆನ್ನಿನ ಮೇಲೆ ಸೀರೆಯ ಗೆರೆಗಳಂತೆ ಕಪ್ಪು ಗೀರುಗಳುಂಟು. ಹಳದಿ ಕೊರಳಿನದರ ಬೆನ್ನಿನ ಮೇಲೆ ಒಂದು ಗೀರೂ ಇಲ್ಲ, ಅದು ಸಾದಾ ನೂಲಿನ ಬಟ್ಟೆಯಂತೆ ಒಂದೇ ಬಣ್ಣ. ಗೀಜಗದ ಹೆಣ್ಣನ್ನು ಕಂಡು ಸಂಶಯಪಟ್ಟವರಿಗೂ ಇದೇ ಪರೀಕ್ಷೆಯು ಸಾಕು, ಅದರ ಬೆನ್ನೂ ಗೀರುಗಳಿಂದ ತುಂಬಿರುವುದರಿಂದ. ಇನ್ನು ಹಾರುವ ರೀತಿಯನ್ನು ನೋಡಬೇಕು. ಊರ ಗುಬ್ಬಿಯು ಎಸೆದ ಕಲ್ಲಿನಂತೆ ನೇರವಾಗಿ ಹೋಗುತ್ತದೆ. ಇದು ಏರುತ್ತಾ ಇಳಿಯುತ್ತಾ ಅಲೆಯ ಮೇಲೆ ಹೋದಂತೆ ಹೋಗುತ್ತದೆ. ದನಿಯೂ ಬೇರೆ. ಗುಬ್ಬಿಯ ಚಿಲಿಪಿಲಿಯೇ ಆದರೂ ಇದರಲ್ಲಿ ಆ ಕಿರಿಕಿರಿಯಿಲ್ಲ, ಕಂಠವು ಹದವಾಗಿ ಇಂಪಾಗಿದೆ. ವಸಂತಕಾಲದ ಬೆಳಗ್ಗೆ ಮರದ ತುದಿಯಲ್ಲಿ ಕುಳಿತು ಅದು ಬಿಡುವಿಲ್ಲದೆ ಕೂಗುವುದನ್ನು ಕೇಳಿದವರು ಮರುದಿನ ಕಣ್ಣು ಮುಚ್ಚಿಕೊಂಡೇ ಅದನ್ನು ಗುರುತಿಸಬಲ್ಲರು.

ಇಲ್ಲಿ ಒಂದು ಮಾತನ್ನು ಪ್ರಸಂಗವಶಾತ್ ಹೇಳಬೇಕಾಗಿದೆ. ಈಗಿನ ಮಕ್ಕಳ ಕೈಯಲ್ಲಿರುವ ದೂರವಾಣಿಯು ಹಕ್ಕಿಯ ಚಿತ್ರವನ್ನು ಹಿಡಿದು, ದನಿಯನ್ನು ಕೇಳಿ, ಕ್ಷಣಾರ್ಧದಲ್ಲಿ ಅದರ ಹೆಸರನ್ನು ಹೇಳಿಬಿಡುತ್ತದೆ. ಆ ಯಂತ್ರದ ಜಾಣತನವನ್ನು ನಾನು ಅಲ್ಲಗಳೆಯುವವಳಲ್ಲ. ಆದರೂ ನಮ್ಮ ಶಾಲೆಯಲ್ಲಿ ಮೊದಲು ಬೆನ್ನಿನ ಗೀರುಗಳನ್ನು ಪುಸ್ತಕದಲ್ಲಿ ಬರೆದು ತೋರಿಸಿದ ಹುಡುಗಿಗೆ ಮಾತ್ರ ಹೆಸರನ್ನು ಯಂತ್ರದಿಂದ ಕೇಳುವ ಅಪ್ಪಣೆಯನ್ನು ಕೊಡುತ್ತೇವೆ. ಹೆಸರು ಮೊದಲು ಬಂದರೆ ಕಣ್ಣು ಅಲ್ಲಿಗೇ ತನ್ನ ಕೆಲಸವನ್ನು ನಿಲ್ಲಿಸಿಬಿಡುವುದೆಂಬುದು, ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ತರಗತಿಯಲ್ಲಿ ನಿಂತವರೆಲ್ಲರಿಗೂ ಗೊತ್ತಿರುವ ಸಂಗತಿ. ಇದಕ್ಕಾಗಿ ನನ್ನನ್ನು ಹಳೆಯ ಕಾಲದವಳೆಂದು ಕರೆಯುವ ತಂದೆಗಳಿದ್ದಾರೆ, ಕರೆಯಲಿ.

ಈ ಹಕ್ಕಿಯ ವಾಸಸ್ಥಾನದ ವಿಷಯವೇ ನನ್ನ ವಾದಕ್ಕೆ ಮುಖ್ಯವಾದುದು. ದಟ್ಟವಾದ ಮಳೆಗಾಡು ಇದಕ್ಕೆ ಒಗ್ಗದು. ಮರವೇ ಇಲ್ಲದ ಮರಳುಗಾಡೂ ಒಗ್ಗದು. ಹುಲ್ಲು ಬೆಳೆದ ನೆಲ, ಅದರ ನಡುನಡುವೆ ದೂರ ದೂರವಾಗಿ ನಿಂತ ಮರಗಳು, ಮುಳ್ಳಿನ ಕುರುಚಲು, ಪಕ್ಕದಲ್ಲಿ ರಾಗಿಯದೋ ಜೋಳದದೋ ಹೊಲ, ಹಳೆಯ ಮಾವಿನ ಇಲ್ಲವೆ ಬೇವಿನ ನಾಲ್ಕು ಮರಗಳು, ಇಷ್ಟಿದ್ದರೆ ಅದು ಸುಖವಾಗಿರುತ್ತದೆ. ಭೂಗೋಳದ ಪುಸ್ತಕಗಳಲ್ಲಿ ಇಂಥ ನೆಲಕ್ಕೆ ಸವನ್ನಾ ಎಂದು ಹೆಸರು. ಸವನ್ನಾ ಎಂದ ಕೂಡಲೆ ನಮ್ಮ ಹುಡುಗಿಯರು ಆಫ್ರಿಕಾ ಖಂಡವನ್ನೂ ಸಿಂಹವನ್ನೂ ಜಿರಾಫೆಯನ್ನೂ ಬರೆಯುತ್ತಾರೆ, ಪರೀಕ್ಷಕರು ಪೂರ್ತಿ ಅಂಕಗಳನ್ನು ಕೊಡುತ್ತಾರೆ. ತುಮಕೂರು, ಚಿತ್ರದುರ್ಗ, ಬಳ್ಳಾರಿ, ಹಾವೇರಿಗಳ ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ಹುಡುಗಿಯು ತಾನು ದಿನಾಲೂ ನಡೆದುಬರುವ ದಾರಿಯೇ ಸವನ್ನಾ ಎಂಬುದನ್ನು ಅರಿಯಳು. ಹಕ್ಕಿಯು ಈ ಸಂಬಂಧವನ್ನು ನಮಗಿಂತ ಚೆನ್ನಾಗಿ ಬಲ್ಲದು. ಜಿಮ್ನೋರಿಸ್ ಎಂಬ ಈ ಚಿಕ್ಕ ಕುಲದಲ್ಲಿರುವ ನಾಲ್ಕು ಜಾತಿಗಳಲ್ಲಿ ಮೂರು ಆಫ್ರಿಕಾದ ಒಣ ಸವನ್ನಾ ಪ್ರದೇಶಗಳಲ್ಲಿ ವಾಸಿಸುತ್ತವೆ, ನಾಲ್ಕನೆಯದೇ ನಮ್ಮದು. ಅಂದರೆ ನಮ್ಮ ಜಾಲಿಯ ಮರದ ಮೇಲೆ ಕೂಗುವ ಈ ಗುಬ್ಬಿಯ ನೆಂಟರಿಷ್ಟರೆಲ್ಲಾ ಸಿಂಹದ ನಾಡಿನಲ್ಲಿದ್ದಾರೆ.

ನಮ್ಮಂಥ ಸತ್ಯವೇದದ ಓದುಗರಿಗೆ ಸಂತೋಷವಾಗುವ ಇನ್ನೊಂದು ಸಂಗತಿಯನ್ನು ಬಿಡಲಾರೆನು. ಈ ಹಕ್ಕಿಯು ಹಿಂದೂದೇಶದಿಂದ ಪಶ್ಚಿಮಕ್ಕೆ ಪಾಕಿಸ್ತಾನ, ಆಫ್ಘಾನಿಸ್ತಾನ, ಇರಾನುಗಳನ್ನು ದಾಟಿ ಇರಾಕಿನವರೆಗೂ ತುರ್ಕಿಯ ಆಗ್ನೇಯ ಮೂಲೆಯವರೆಗೂ ಹರಡಿದೆ. ಆ ಪಡುವಲ ನಾಡುಗಳಲ್ಲಿ ಬೇಸಗೆಯನ್ನು ಕಳೆದು ಮರಿಮಾಡಿದ ಗುಬ್ಬಿಗಳು ಚಳಿಗಾಲಕ್ಕೆ ಹಿಂದೂದೇಶದ ಬಯಲುಗಳಿಗೆ ಬರುತ್ತವೆ. ಟೈಗ್ರಿಸ್ ಯೂಫ್ರೆಟಿಸ್ ನದಿಗಳ ನಡುವಣ ದೇಶದಿಂದ, ಅಂದರೆ ಪಿತೃವಾದ ಅಬ್ರಹಾಮನು ಬಿಟ್ಟು ಹೊರಟ ಸೀಮೆಯಿಂದ, ಅರ್ಧ ಔನ್ಸಿಗಿಂತ ಬಹಳ ಹೆಚ್ಚು ತೂಗದ ಒಂದು ಜೀವವು ಹೊರಟುಬರುತ್ತದೆ. ನಮ್ಮ ದಕ್ಷಿಣದ ಗುಬ್ಬಿಗಳು ಅಂಥ ಯಾತ್ರೆಯನ್ನು ಕೈಗೊಳ್ಳುವುದಿಲ್ಲ. ಅವು ಊರಿಂದೂರಿಗೆ, ಹೊಲದಿಂದ ಹೊಲಕ್ಕೆ ಸ್ವಲ್ಪ ಅಲೆದಾಡಿ ತಮ್ಮ ಸೀಮೆಯಲ್ಲೇ ಉಳಿಯುತ್ತವೆ.

ಇದರ ನಡವಳಿಕೆಯನ್ನು ನೋಡೋಣ. ಕಾಳುಗಳನ್ನೂ ಹುಲ್ಲಿನ ಬೀಜಗಳನ್ನೂ ನೆಲದ ಮೇಲೆ ಆಯ್ದು ತಿನ್ನುತ್ತದೆ. ಕೊಯ್ಲಾದ ಹೊಲದಲ್ಲಿ ಗುಂಪಾಗಿ ಇಳಿದು, ಯಾರಾದರೂ ಬಂದರೆ ಒಟ್ಟಿಗೆ ಎದ್ದು ಹತ್ತಿರದ ಮರವನ್ನು ಸೇರುತ್ತದೆ. ಹುಳುಹುಪ್ಪಟೆಗಳೂ ಹಣ್ಣುಗಳೂ ಅದಕ್ಕೆ ಬೇಕು. ಗುಬ್ಬಿಯ ಜಾತಿಗೆ ಅಪರೂಪವಾದ ಇನ್ನೊಂದು ಚಾಳಿಯೂ ಇದಕ್ಕುಂಟು: ಹೂವಿನ ಮಕರಂದದ ಆಸೆ. ಅದಕ್ಕಾಗಿ ಹೂವಿನೊಳಗೆ ತಲೆಯನ್ನು ತೂರಿಸಿ, ಹಣೆಯ ತುಂಬಾ ಪರಾಗವನ್ನು ಮೆತ್ತಿಕೊಂಡು ಹೊರಬರುತ್ತದೆ. ಆಗ ಅದರ ಬಣ್ಣವೇ ಬೇರೆಯಾಗಿ ಕಂಡು, ಪುಸ್ತಕವನ್ನು ಮಾತ್ರ ನಂಬಿದವರು ಇದು ಯಾವುದೋ ಹೊಸ ಜಾತಿಯೆಂದು ಭ್ರಮಿಸುವರು. ಮರಿಮಾಡುವ ಕಾಲ ಮುಗಿದ ಮೇಲೆ ಸಾಯಂಕಾಲದ ಹೊತ್ತು ದೊಡ್ಡ ದೊಡ್ಡ ಗುಂಪುಗಳಾಗಿ ಸೇರಿ ಜಾಲಿಯಂಥ ಮರಗಳಲ್ಲಿ ರಾತ್ರಿಯ ವಸತಿಯನ್ನು ಹಿಡಿಯುತ್ತವೆ. ಕತ್ತಲಾಗುವವರೆಗೂ ಅಲ್ಲಿ ನಡೆಯುವ ಗದ್ದಲವನ್ನು ನಮ್ಮ ವಿದ್ಯಾರ್ಥಿನಿಲಯದ ಮೇಲ್ವಿಚಾರಿಣಿಯು ದೀಪ ಆರಿಸಿದ ನಂತರದ ಮಲಗುವ ಕೋಣೆಗೆ ಹೋಲಿಸುವುದುಂಟು.

ಫೆಬ್ರವರಿ ತಿಂಗಳಿಂದ ಮೇ ತಿಂಗಳವರೆಗೆ ಗೂಡಿನ ಕಾಲ. ಇದು ಗೀಜಗದಂತೆ ಗೂಡನ್ನು ನೇಯುವ ಶಿಲ್ಪಿಯಲ್ಲ. ಮರಕುಟಿಗನಂತೆ ಮರವನ್ನು ಕೊರೆಯುವ ಬಡಗಿಯೂ ಅಲ್ಲ. ಇತರರು ಕೊರೆದು ಬಿಟ್ಟುಹೋದ ಪೊಟರೆಯೇ ಇದಕ್ಕೆ ಮನೆ. ಮರಕುಟಿಗನು ಹಿಂದಿನ ವರ್ಷ ಮಾಡಿದ ತೂತು, ಕಂಚುಕುಟಿಗನು ಒಣಕೊಂಬೆಯಲ್ಲಿ ಕೊರೆದ ಗೂಡು, ಕೊಂಬೆ ಮುರಿದು ತಾನಾಗಿಯೇ ಬಿದ್ದ ಕುಳಿ, ಕೆಲವು ಸಾರಿ ಗೋಡೆಯ ಬಿರುಕು ಇಲ್ಲವೆ ಕಬ್ಬಿಣದ ಕೊಳವೆಯ ಬಾಯಿ, ಹೀಗೆ ಸಿಕ್ಕಿದ ರಂಧ್ರದಲ್ಲಿ ಹುಲ್ಲನ್ನೂ ಉಣ್ಣೆಯನ್ನೂ ಗರಿಗಳನ್ನೂ ತುರುಕಿ, ಮೂರೋ ನಾಲ್ಕೋ ಮೊಟ್ಟೆಗಳನ್ನಿಡುತ್ತದೆ. ಹಸುರು ಛಾಯೆಯ ಬಿಳುಪಿನ ಮೇಲೆ ಮಾಸಲು ಕಂದು ಬಣ್ಣದ ಮಚ್ಚೆಗಳುಳ್ಳ ಮೊಟ್ಟೆಗಳು. ಮರಿಗಳಿಗೆ ತಂದೆತಾಯಿಗಳಿಬ್ಬರೂ ಉಣಿಸುವರು.

ವಾಚಕರು ಈಗ ನಮ್ಮ ಒಣ ಬೇವಿನ ಮರವನ್ನು ನೆನಪಿಗೆ ತಂದುಕೊಳ್ಳಬೇಕು. ಅದರ ಬೊಡ್ಡೆಯಲ್ಲಿಯೂ ಉಳಿದಿರುವ ಎರಡು ಕೊಂಬೆಗಳಲ್ಲಿಯೂ ಏಳು ರಂಧ್ರಗಳಿವೆಯೆಂದು ಒಂಬತ್ತನೆಯ ತರಗತಿಯವರು ಎಣಿಸಿರುತ್ತಾರೆ. ಒಂದರಲ್ಲಿ ಗಿಳಿಗಳು, ಒಂದರಲ್ಲಿ ಗೊರವಂಕಗಳು, ಎರಡರಲ್ಲಿ ಹಳದಿ ಕೊರಳಿನ ಗುಬ್ಬಿಗಳು ಈ ವರ್ಷ ಸಂಸಾರ ನಡೆಸಿದವು. ಹಸುರಾಗಿ ನಿಂತ ಹತ್ತು ಮರಗಳಲ್ಲಿ ಇಷ್ಟು ಮನೆಗಳಿಲ್ಲ. ಮರವು ಸತ್ತುಹೋಯಿತೆಂದು ನಾವು ಹೇಳುತ್ತೇವೆ. ಅದರಲ್ಲಿ ಬಾಡಿಗೆಯಿಲ್ಲದೆ ವಾಸಿಸುವವರ ಅಭಿಪ್ರಾಯವು ಬೇರೆಯಾಗಿದೆ. ಮಕ್ಕಳು ನಡೆಯುವ ದಾರಿಯ ಮೇಲೆ ಚಾಚಿಕೊಂಡಿದ್ದ ಕೊಂಬೆಯನ್ನು ಹೋದ ವರ್ಷವೇ ಗರಗಸದಿಂದ ತೆಗೆಸಿಯಾಗಿದೆ, ಮರದ ಸುತ್ತಲೂ ಕಲ್ಲು ಜೋಡಿಸಿ ಆ ಕಡೆಗೆ ಯಾರೂ ಆಡಲು ಹೋಗದಂತೆ ಮಾಡಿದೆ. ಇನ್ನುಳಿದ ಬೊಡ್ಡೆಯು ಬಯಲಿನ ಕಡೆಗೆ ವಾಲಿದೆಯೇ ಹೊರತು ಕಟ್ಟಡದ ಕಡೆಗಲ್ಲ. ಅಂದಕ್ಕೆ ಭಂಗವೆಂಬ ಮಾತಾದರೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ನನಗೆ ಅದು ಅಂದವಾಗಿಯೇ ಕಾಣುತ್ತದೆ.

ಈ ಚಿಕ್ಕ ಹಕ್ಕಿಯು ಹಿಂದೂದೇಶದ ವಿದ್ಯೆಯ ಚರಿತ್ರೆಯಲ್ಲಿ ಒಂದು ಸ್ಥಾನವನ್ನು ಪಡೆದಿದೆಯೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ತಿಳಿದಿರಬೇಕು. ೧೮೯೬ರಲ್ಲಿ ಹುಟ್ಟಿದ ಸಾಲಿಂ ಅಲಿಯವರು ಚಿಕ್ಕಂದಿನಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಮುಂಬಯಿಯ ಖೇತವಾಡಿಯಲ್ಲಿ ಸೋದರಮಾವನಾದ ಅಮೀರುದ್ದೀನ್ ತಯ್ಯಬ್ಜಿಯವರ ಮನೆಯಲ್ಲಿ ಬೆಳೆದರು. ಹತ್ತು ವರ್ಷದ ಆಸುಪಾಸಿನಲ್ಲಿ ಆಟದ ಗಾಳಿಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದು ಬೀಳಿಸಿ, ಕೈಗೆತ್ತಿಕೊಂಡು ನೋಡಲು, ಅದರ ಕೊರಳಿನಲ್ಲಿ ಹಳದಿಯ ಮಚ್ಚೆಯಿತ್ತು. ಇಂಥ ಹಕ್ಕಿಯು ತಮ್ಮ ಮತದ ಪ್ರಕಾರ ತಿನ್ನತಕ್ಕದ್ದೋ ಅಲ್ಲವೋ ಎಂಬ ಸಂದೇಹವು ಬಂದು ಮಾವನನ್ನು ಕೇಳಿದರು. ಮಾವನಿಗೂ ಅದು ತಿಳಿಯಲಿಲ್ಲ. ಆದರೆ ಆತನು ಹುಡುಗನನ್ನು ಗದರಿಸಿ ಕಳುಹಿಸದೆ, ಮುಂಬಯಿಯ ನಿಸರ್ಗೇತಿಹಾಸ ಸಂಘದ ಕಾರ್ಯದರ್ಶಿಯಾಗಿದ್ದ ಮಿಲ್ಲರ್ಡ್ ಎಂಬುವರಿಗೆ ಒಂದು ಪರಿಚಯಪತ್ರವನ್ನು ಕೊಟ್ಟು ಅಲ್ಲಿಗೆ ಕಳುಹಿಸಿದನು. ಅಂಜುತ್ತಾ ಹೋದ ಹುಡುಗನಿಗೆ ಆ ಆಂಗ್ಲೇಯರು ಹಕ್ಕಿಯ ಹೆಸರನ್ನು ಹೇಳಿದ್ದಲ್ಲದೆ, ಪೆಟ್ಟಿಗೆಗಳನ್ನು ಒಂದೊಂದಾಗಿ ಎಳೆದು ದೇಶದ ನಾನಾ ಹಕ್ಕಿಗಳ ಚರ್ಮಗಳನ್ನು ತೋರಿಸಿ, ಪುಸ್ತಕಗಳನ್ನೂ ಓದಲು ಕೊಟ್ಟರು. ಆ ದಿನದ ಫಲವಾಗಿ ನಮ್ಮ ದೇಶಕ್ಕೆ ಒಬ್ಬ ಮಹಾ ಪಕ್ಷಿಶಾಸ್ತ್ರಜ್ಞನು ದೊರೆತನು. ಮೈಸೂರು ಸಂಸ್ಥಾನದ ಪಕ್ಷಿಗಳನ್ನು ೧೯೩೯-೪೦ರಲ್ಲಿ ಊರೂರು ತಿರುಗಿ ಸಮೀಕ್ಷೆ ಮಾಡಿದವರೂ ಇವರೇ. ೧೯೮೫ರಲ್ಲಿ ಅವರು ತಮ್ಮ ಆತ್ಮಕಥೆಯನ್ನು ಪ್ರಕಟಿಸಿದಾಗ ಅದಕ್ಕೆ ‘ದಿ ಫಾಲ್ ಆಫ್ ಎ ಸ್ಪ್ಯಾರೊ’, ಎಂದರೆ ಗುಬ್ಬಿಯೊಂದು ಬಿದ್ದ ಕಥೆ, ಎಂದು ಹೆಸರಿಟ್ಟರು. ಮುಸಲ್ಮಾನ ಮನೆತನದ ಈ ಪಂಡಿತರು ಆರಿಸಿಕೊಂಡ ಹೆಸರು ಮತ್ತಾಯನ ಸುವಾರ್ತೆಯನ್ನು ಓದಿದವರ ಕಿವಿಗೆ ಪರಿಚಿತವಾಗಿ ಕೇಳಿಸದೆ ಇರದು.

ಈ ಕಥೆಯನ್ನು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲಾ ಹುಡುಗಿಯರು ಬಂದೂಕಿನ ವಿಷಯವನ್ನೇ ಕೇಳುತ್ತಾರೆ. ನನ್ನ ಮನಸ್ಸು ಮಾತ್ರ ಮಾವನ ಪರಿಚಯಪತ್ರದ ಮೇಲೆಯೇ ನಿಲ್ಲುತ್ತದೆ. ತನಗೆ ತಿಳಿಯದ ಪ್ರಶ್ನೆಯನ್ನು ಮಗುವು ತಂದಾಗ, ತಿಳಿದವರ ಬಾಗಿಲಿಗೆ ಅದನ್ನು ಕಳುಹಿಸುವ ಹಿರಿಯರು ಎಷ್ಟು ಮಂದಿ? ಆ ಮಗುವು ಹುಡುಗಿಯಾಗಿದ್ದರೆ ಎಷ್ಟು ಮಂದಿ? ಬಿಹಾರದ ಜಮಾಲ್ ಆರಾ ಎಂಬಾಕೆಯು ೧೯೨೩ರಲ್ಲಿ ಹುಟ್ಟಿದವಳು. ಶಾಲೆಯ ವಿದ್ಯಾಭ್ಯಾಸವು ಹತ್ತನೆಯ ತರಗತಿಗೆ ನಿಂತುಹೋಯಿತು. ಹಾಗಿದ್ದರೂ ಆಕೆಯು ಛೋಟಾ ನಾಗಪುರದ ಕಾಡುಗಳಲ್ಲಿ ಹಕ್ಕಿಗಳನ್ನು ನೋಡಿ ನೋಡಿ ಪಂಡಿತರ ಪತ್ರಿಕೆಗಳಿಗೆ ಬರೆದಳು. ಮಕ್ಕಳಿಗಾಗಿ ಆಕೆ ಬರೆದ ಪುಸ್ತಕವನ್ನು ೧೯೭೦ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟಿನವರು ಪ್ರಕಟಿಸಿದರು. ಸಾಲಿಂ ಅಲಿಯವರ ಹೆಸರನ್ನು ಹತ್ತು ಜನ ಬಲ್ಲರು. ಈಕೆಯ ಹೆಸರನ್ನು ಬಲ್ಲವರನ್ನು ನಾನು ಕಂಡದ್ದು ಕಡಮೆ. ನಮ್ಮ ಹುಡುಗಿಯರಲ್ಲಿ ಜಮಾಲ್ ಆರಾಗಳಿಲ್ಲವೆಂದು ಯಾರು ಹೇಳಬಲ್ಲರು? ಆದರೆ ಅಂಥವಳಿಗೆ ಮುಂಬಯಿಯ ಪೆಟ್ಟಿಗೆಗಳು ಸಿಕ್ಕುವ ಮೊದಲು ಮನೆಯ ಹಿಂದೆ ನೋಡಲು ಒಂದು ಬಯಲಾದರೂ ಇರಬೇಕಷ್ಟೆ.

ಈಗ ಸಸಿಗಳ ವಿಷಯಕ್ಕೆ ಬರುತ್ತೇನೆ. ಮರವನ್ನು ನೆಡುವುದು ಪುಣ್ಯಕಾರ್ಯವೆಂದು ನಾವೆಲ್ಲರೂ ಬಾಲ್ಯದಿಂದ ಕಲಿತಿದ್ದೇವೆ. ಅದು ಸುಳ್ಳಲ್ಲ; ಆದರೆ ಎಲ್ಲಿ ನೆಡುತ್ತೇವೆಂಬುದರ ಮೇಲೆ ಅದರ ಸತ್ಯವು ನಿಂತಿದೆ. ಮರ ಕಡಮೆಯಿರುವ ಹುಲ್ಲಿನ ನೆಲವನ್ನು ಕಂಡ ಕೂಡಲೆ ಅದನ್ನು ಬೀಳು, ಬಂಜರು, ಹಾಳು ಎಂದು ಕರೆಯುವ ಅಭ್ಯಾಸವು ನಮ್ಮಲ್ಲಿ ಬಲವಾಗಿ ಬೇರೂರಿದೆ. ಕಂದಾಯವನ್ನು ತಾರದ ನೆಲವನ್ನು ವ್ಯರ್ಥವೆಂದು ಬರೆದುಕೊಂಡ ಆಂಗ್ಲೇಯ ಸರ್ಕಾರದ ದಫ್ತರಗಳಿಂದ ಈ ಮಾತಿಗೆ ಬಲ ಬಂತು. ಸ್ವತಂತ್ರ ಭಾರತದ ಸರ್ಕಾರವು ೨೦೦೦ದಲ್ಲಿ ಮೊದಲು ಪ್ರಕಟಿಸಿ ಆಮೇಲೆ ಮತ್ತೆ ಮತ್ತೆ ಹೊರತಂದ ಬಂಜರುಭೂಮಿಗಳ ನಕ್ಷೆಪುಸ್ತಕದಲ್ಲಿಯೂ ಕುರುಚಲು ನೆಲವು ಬಂಜರಿನ ಪಟ್ಟಿಯಲ್ಲೇ ಇದೆ. ಇದು ಕಾಡು ಹಾಳಾಗಿ ಉಳಿದ ನೆಲವಲ್ಲ. ಮಳೆ ಕಡಮೆ, ಬೇಸಗೆ ದೀರ್ಘ, ಮಣ್ಣು ತೆಳು. ಇಂಥಲ್ಲಿ ದೇವರು ಇಟ್ಟ ಏರ್ಪಾಡೇ ಹುಲ್ಲು ಮತ್ತು ಅಲ್ಲೊಂದು ಇಲ್ಲೊಂದು ಮರ. ಆ ಹುಲ್ಲು ತನ್ನ ಬಲವನ್ನೆಲ್ಲಾ ಬೇರಿನಲ್ಲಿ ಅಡಗಿಸಿಟ್ಟುಕೊಂಡು ಎಂಟು ತಿಂಗಳು ಸತ್ತಂತೆ ಮಲಗಿ, ಮೊದಲ ಮಳೆಗೆ ಎದ್ದುಬರುತ್ತದೆ. ಕುರಿಯವನಿಗೆ ಇದು ತಿಳಿದಿದೆ, ತೋಪು ಹಾಕಿಸುವ ನಮಗೆ ತಿಳಿದಿಲ್ಲ.

ದೃಷ್ಟಾಂತವು ಬೇಕಾದರೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿಗೆ ಹೋಗಿ ನೋಡಬಹುದು. ಕೃಷ್ಣಮೃಗಗಳ ಸಲುವಾಗಿ ೧೯೭೪ರಲ್ಲಿ ಅಲ್ಲಿ ಸುಮಾರು ೧೧೯ ಚದರ ಕಿಲೋಮೀಟರುಗಳ ಅಭಯಾರಣ್ಯವನ್ನು ಘೋಷಿಸಲಾಯಿತು. ಎರ್ಲಡ್ಡು ಎಂದು ನಮ್ಮವರು ಕರೆಯುವ ಹಿರಿಯ ಬಯಲುಹಕ್ಕಿಯೂ ಹಿಂದೆ ಅಲ್ಲಿ ಕಾಣುತ್ತಿತ್ತು. ಆದರೆ ಆ ಹುಲ್ಲುನೆಲದ ಬಹುಭಾಗಕ್ಕೆ ನೀಲಗಿರಿಯ ಮರಗಳನ್ನು ನೆಟ್ಟಿದ್ದರು. ನೆಟ್ಟವರಲ್ಲಿ ದುರುದ್ದೇಶವಿರಲಿಲ್ಲ. ಬರಿದಾಗಿ ಕಂಡುದನ್ನು ತುಂಬಬೇಕೆಂಬ ಒಳ್ಳೆಯ ಮನಸ್ಸೇ ಅಲ್ಲಿ ಕೆಲಸ ಮಾಡಿತು. ಓಡಾಡಲು ಬಯಲೇ ಬೇಕಾದ ಆ ದೊಡ್ಡ ಹಕ್ಕಿಯು ಮರಗಳ ಸಾಲಿನಲ್ಲಿ ನಿಲ್ಲಲಾರದೆ ಕಣ್ಮರೆಯಾಯಿತು. ನಮ್ಮ ಗುಬ್ಬಿಯು ಅಷ್ಟು ನಾಜೂಕಿನದಲ್ಲ, ನಾಶದ ಅಂಚಿನಲ್ಲಿರುವ ಜಾತಿಯೂ ಅಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದಕ್ಕಾಗಿ ಕಣ್ಣೀರು ಸುರಿಸಬೇಕೆಂದು ಯಾರನ್ನೂ ಕೇಳುತ್ತಿಲ್ಲ. ದೇಶದ ಹಕ್ಕಿಗಳ ಸ್ಥಿತಿಯನ್ನು ಕುರಿತು ೨೦೨೩ರಲ್ಲಿ ಹೊರಬಂದ ವರದಿಯು ಹುಲ್ಲುಬಯಲನ್ನೇ ನೆಚ್ಚಿಕೊಂಡಿರುವ ಹಕ್ಕಿಗಳು ಬೇಗ ಬೇಗನೆ ಇಳಿಮುಖವಾಗುತ್ತಿವೆಯೆಂದು ತಿಳಿಸಿದೆ. ಸುಲಭವಾಗಿ ಸಿಕ್ಕುವ ಈ ಗುಬ್ಬಿಯು ಅಂಥ ನೆಲವನ್ನು ನಮ್ಮ ಮಕ್ಕಳಿಗೆ ಪರಿಚಯ ಮಾಡಿಕೊಡಬಲ್ಲದೆಂಬುದಕ್ಕಾಗಿಯೇ ನಾನು ಅದನ್ನು ಮುಂದಿಟ್ಟುಕೊಂಡಿದ್ದೇನೆ.

ಊರ ಗುಬ್ಬಿಯ ಮೇಲೆ ಈಗ ಎಲ್ಲರಿಗೂ ಪ್ರೀತಿ ಬಂದಿದೆ. ೨೦೧೦ರಿಂದ ಪ್ರತಿ ಮಾರ್ಚಿ ೨೦ರಂದು ವಿಶ್ವ ಗುಬ್ಬಚ್ಚಿಗಳ ದಿನವನ್ನು ಆಚರಿಸುವರು, ಶಾಲೆಗಳಲ್ಲಿ ಮರದ ಪೆಟ್ಟಿಗೆಗಳನ್ನು ಹಂಚುವರು. ಬೆಂಗಳೂರಿನಂಥ ಮಹಾನಗರಗಳಲ್ಲಿ ಅದು ಕಡಮೆಯಾಗಿರುವುದು ನಿಜ. ದೇಶದ ಒಟ್ಟಿನಲ್ಲಿ ಹೇಳಿಕೊಳ್ಳುವಂಥ ಇಳಿತವಿಲ್ಲವೆಂದು ಇದೇ ವರದಿಯ ೨೦೨೦ರ ಸಂಚಿಕೆಯಲ್ಲಿ ತೋರಿಸಲಾಗಿತ್ತು. ಪೆಟ್ಟಿಗೆಗಳಿಗೆ ನನ್ನ ವಿರೋಧವಿಲ್ಲ. ಆದರೆ ಗೋಡೆಗೆ ಒಂದು ಪೆಟ್ಟಿಗೆಯನ್ನು ಮೊಳೆ ಹೊಡೆದು ಛಾಯಾಚಿತ್ರವನ್ನು ತೆಗೆಸಿಕೊಂಡ ಮರುದಿನವೇ ಹಿತ್ತಿಲಿನ ಪೊಟರೆಯುಳ್ಳ ಮರವನ್ನು ಸೌದೆಗೆ ಕಡಿಸುವುದನ್ನು ಏನೆಂದು ಕರೆಯೋಣ?

ನನ್ನ ಅಭಿಪ್ರಾಯಕ್ಕೆ ಬಂದಿರುವ ಆಕ್ಷೇಪಣೆಗಳಲ್ಲಿ ನ್ಯಾಯವಾದವು ಎರಡುಂಟು. ಹುಲ್ಲಿನಲ್ಲಿ ಹಾವುಗಳಿರುವುವೆಂದು ತಾಯಂದಿರು ಭಯಪಡುತ್ತಾರೆ. ಇರುವುದು ನಿಜವೇ. ಅದಕ್ಕಾಗಿ ವಿದ್ಯಾರ್ಥಿನಿಲಯದ ಗೋಡೆಯಿಂದ ಮೂವತ್ತು ಅಡಿಗಳವರೆಗೆ ವರ್ಷವೆಲ್ಲಾ ಹುಲ್ಲನ್ನು ಕತ್ತರಿಸಿಟ್ಟಿರುತ್ತೇವೆ. ಬಯಲಿಗೆ ಹೋಗುವವರು ಉಪಾಧ್ಯಾಯಿನಿಯೊಬ್ಬರ ಸಂಗಡ, ಕಾಲಿಗೆ ಜೋಡು ಹಾಕಿಕೊಂಡು, ಸವೆದ ಕಾಲುದಾರಿಯಲ್ಲೇ ಹೋಗತಕ್ಕದ್ದೆಂಬ ನಿಯಮವಿದೆ. ಬೇಸಗೆಗೆ ಮುಂಚೆ ನಾಲ್ಕು ಕಡೆಯೂ ಬೆಂಕಿಯ ಪಟ್ಟಿಯನ್ನು ಬಿಡಿಸುತ್ತೇವೆ. ಎರಡನೆಯದು ನೆರಳಿನ ಮಾತು. ಆಟದ ಮೈದಾನದಲ್ಲಿ ಮಕ್ಕಳಿಗೆ ನೆರಳಿಲ್ಲವೆಂಬುದು ಸತ್ಯವಾದ ದೂರು. ಸಸಿಗಳು ಬೇಕಾಗಿರುವುದು ಅಲ್ಲಿಯೇ. ಮೈದಾನದ ಮೂರು ಬದಿಗಳಲ್ಲಿಯೂ ದೇವಾಲಯಕ್ಕೆ ಹೋಗುವ ದಾರಿಯ ಎರಡೂ ಬದಿಗಳಲ್ಲಿಯೂ ನಲವತ್ತು ಮರಗಳಿಗೆ ಸ್ಥಳವಿದೆ. ಹೊಂಗೆ, ಬೇವು, ನೇರಳೆ, ಹುಣಿಸೆ, ಒಂದೆರಡು ಇಪ್ಪೆ ಸಾಕು. ನಲವತ್ತನ್ನು ನೆಟ್ಟು ನಲವತ್ತಕ್ಕೂ ನೀರೆರೆಯಬಹುದು, ಐನೂರಕ್ಕೆ ನೀರೆಲ್ಲಿಯದು? ನಮ್ಮ ಬಾವಿಯನ್ನು ಏಪ್ರಿಲ್ ತಿಂಗಳಲ್ಲಿ ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ಕೆಲವರು, ದೇವಭಕ್ತಿಯನ್ನು ಕಲಿಸಬೇಕಾದ ಶಾಲೆಯಲ್ಲಿ ಗುಬ್ಬಿಗಳ ಲೆಕ್ಕವೇಕೆಂದು ನಗುವುದುಂಟು. ಅಂಥವರು ಎಂಭತ್ತನಾಲ್ಕನೆಯ ಕೀರ್ತನೆಯನ್ನು ಮತ್ತೊಮ್ಮೆ ತೆರೆದು ನೋಡಲಿ. ಕೋರಹನ ಮಕ್ಕಳು ದೇವಾಲಯದ ಸೊಬಗನ್ನು ವರ್ಣಿಸುವಾಗ ಅಲ್ಲಿ ಗೂಡು ಮಾಡಿಕೊಂಡ ಹಕ್ಕಿಗಳನ್ನು ಕಂಡು ಹೊಟ್ಟೆಕಿಚ್ಚುಪಟ್ಟಂತೆ ತೋರುತ್ತದೆ. ಸಂತೆಯಲ್ಲಿ ಅತ್ಯಂತ ಅಗ್ಗವಾಗಿ ಸಿಕ್ಕುತ್ತಿದ್ದ ಹಕ್ಕಿಯನ್ನೇ ನಮ್ಮ ಕರ್ತನು ತಂದೆಯ ಲೆಕ್ಕಕ್ಕೆ ಸೇರಿಸಿ ಮಾತನಾಡಿದ್ದಾನೆ. ಲೆಕ್ಕವಿಡುವ ಕೆಲಸವನ್ನು ಗೇಲಿ ಮಾಡುವ ಧೈರ್ಯ ನನಗಂತೂ ಇಲ್ಲ.

ಆದುದರಿಂದ ಸಂಘದ ಸಹೋದರಿಯರಲ್ಲಿ ನನ್ನ ವಿಜ್ಞಾಪನೆ ಏನೆಂದರೆ, ಸಸಿಗಳನ್ನು ಐನೂರರಿಂದ ನಲವತ್ತಕ್ಕೆ ಇಳಿಸಿ, ಉಳಿದ ಹಣದಿಂದ ಶಾಲೆಗೆ ಆರು ದುರ್ಬೀನುಗಳನ್ನೂ, ಪಕ್ಷಿಗಳನ್ನು ಕುರಿತು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇರುವ ನಾಲ್ಕಾರು ಪುಸ್ತಕಗಳನ್ನೂ ಕೊಡಿಸಬೇಕು. ಬೇವಿನ ಮರದಿಂದ ಐವತ್ತು ಅಡಿ ದೂರದಲ್ಲಿ ಒಂದು ಕಲ್ಲುಬೆಂಚನ್ನು ಹಾಕಿಸಬೇಕು. ಬೆಂಚಿನ ಮೇಲೆ ಸಂಘದ ಹೆಸರನ್ನು ಕೆತ್ತಿಸಲು ನಮ್ಮ ಅಭ್ಯಂತರವಿಲ್ಲ. ಈ ಮಾತನ್ನು ಆಡಳಿತ ಸಮಿತಿಯ ಮುಂದೆಯೂ ಇಟ್ಟಿದ್ದೇನೆ. ಅಲ್ಲಿ ಇಬ್ಬರು ಒಪ್ಪಿದ್ದಾರೆ, ಇಬ್ಬರು ಇನ್ನೂ ಒಪ್ಪಿಲ್ಲ, ಅಧ್ಯಕ್ಷರು ತಾವೇ ಬಂದು ನೋಡಿ ಹೇಳುವುದಾಗಿ ತಿಳಿಸಿದ್ದಾರೆ. ಗೂಡಿನ ಕಾಲದಲ್ಲಿ ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ ಗುಬ್ಬಿಗಳು ಚೆನ್ನಾಗಿ ಕಾಣುತ್ತವೆ. ನೋಡಬೇಕೆಂಬ ತಂದೆತಾಯಿಗಳೂ ಆ ಹೊತ್ತಿಗೆ ಬರಬಹುದು. ಬಿಳಿಯ ಬಟ್ಟೆಯನ್ನುಟ್ಟು ಬಾರದಿದ್ದರೆ ಒಳ್ಳೆಯದು. ಒಂಬತ್ತನೆಯ ತರಗತಿಯವರಲ್ಲಿ ಒಬ್ಬಳು ಜೊತೆಗೆ ಬಂದು ಯಾವ ರಂಧ್ರದ ಕಡೆಗೆ ನೋಡಬೇಕೆಂಬುದನ್ನು ತೋರಿಸುವಳು.